‘ಆಯ್ತು’ ಎಂದರೆ ಆಯಿತೆ?

ಮದುವೆ ಮನೆಯ ಪಂಕ್ತಿಯಲ್ಲಿ ಕೂತವರು ‘ಬೇಡ, ಬೇಡ’ ಎನ್ನುತ್ತಾರೆ. ಬಡಿಸುವವರು ಕೇಳಿಸಿಯೇ ಇಲ್ಲವೆಂಬಂತೆ ಇನ್ನೊಂದು ಹೋಳಿಗೆ ಹಾಕಿ ಮುಂದಕ್ಕೆ ಹೋಗುತ್ತಾರೆ. ಇದರಿಂದ ಇಬ್ಬರಿಗೂ ಬೇಸರವಿಲ್ಲ. ಮೊದಲ ‘ಬೇಡ’ ಮರ್ಯಾದೆಯದು, ಎರಡನೆಯದು ಸಂಕೋಚದ್ದು. ನಿಜವಾಗಿಯೂ ಹೊಟ್ಟೆ ತುಂಬಿದವರು ಮಾತೇ ಆಡುವುದಿಲ್ಲ. ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿಯುತ್ತಾರೆ. ಹೀಗೆಂದು ಯಾವ ಪಠ್ಯಪುಸ್ತಕದಲ್ಲೂ ಬರೆದಿಲ್ಲ. ಆದರೂ ಏಳೆಂಟು ವರ್ಷದ ಮಗುವಿಗೂ ಇದು ಗೊತ್ತು.

ಮನೆಯಿಂದ ಹೊರಡುವವರು ‘ಬರ್ತೀನಿ’ ಎನ್ನುತ್ತಾರೆ. ಇನ್ನೂ ಕನ್ನಡಿಯ ಮುಂದೆ ತಲೆ ಬಾಚುತ್ತಿರುವವರು ‘ಬಂದೆ, ಬಂದೆ’ ಎಂದು ಕೂಗುತ್ತಾರೆ. ಬಟ್ಟೆಗೆ ಕತ್ತರಿಯನ್ನೇ ಹಾಕಿರದ ದರ್ಜಿ ‘ಆಯ್ತು ಸಾರ್’ ಎನ್ನುತ್ತಾನೆ. ವ್ಯಾಕರಣದ ಪ್ರಕಾರ ‘ಬಂದೆ’, ‘ಆಯ್ತು’ ಎರಡೂ ಭೂತಕಾಲ. ಕನ್ನಡ ಬಲ್ಲವರು ಯಾರೂ ಇದರಿಂದ ಮೋಸ ಹೋಗುವುದಿಲ್ಲ. ದರ್ಜಿಯ ‘ಆಯ್ತು’ ಎಂಬ ಮಾತಿಗೆ ‘ನೀವು ಹೇಳಿದ್ದು ಕೇಳಿಸಿತು’ ಎಂಬುದಕ್ಕಿಂತ ಹೆಚ್ಚಿನ ಅರ್ಥವಿಲ್ಲವೆಂದು ಅವರಿಗೆ ಗೊತ್ತು. ಮಾತಿನ ಜೊತೆಗೆ ಮುಖ, ಧ್ವನಿ, ಹಬ್ಬ ಎಷ್ಟು ಹತ್ತಿರದಲ್ಲಿದೆ ಎಂಬ ಲೆಕ್ಕ, ಎಲ್ಲವನ್ನೂ ಕೂಡಿಸಿಕೊಂಡು ಅವರು ಅರ್ಥ ಮಾಡಿಕೊಳ್ಳುತ್ತಾರೆ.

ಈ ‘ಆಯ್ತು’ ಇಂಗ್ಲಿಷಿಗೆ ತಿರುಗಿ, ‘ಯೆಸ್’ ಎಂದಾಗಿ ಸಮುದ್ರ ದಾಟಿದಾಗ ಏನಾಗುತ್ತದೆ?

ಒಬ್ಬ ಹುಡುಗನನ್ನು ಊಹಿಸಿಕೊಳ್ಳಿ. ಹಾಸನವೋ ಹಾವೇರಿಯೋ, ಯಾವುದೋ ಒಂದು ತಾಲ್ಲೂಕಿನಿಂದ ಬಂದವನು. ಎಂಜಿನಿಯರಿಂಗ್ ಮುಗಿಸಿ ಬೆಂಗಳೂರಿನ ಸಾಫ್ಟ್‌ವೇರ್ ಕಂಪೆನಿಯಲ್ಲಿ ಕೆಲಸಕ್ಕೆ ಸೇರಿದ್ದಾನೆ. ಜರ್ಮನಿಯ ಗ್ರಾಹಕರ ಕಡೆಯ ಹಿರಿಯರೊಬ್ಬರು ದೂರವಾಣಿಯಲ್ಲಿ ಕೇಳುತ್ತಾರೆ: ‘ಈ ಕೆಲಸ ಶುಕ್ರವಾರಕ್ಕೆ ಮುಗಿಯುತ್ತದೆಯೆ?’ ಮುಗಿಯುವುದಿಲ್ಲ ಎಂದು ಹುಡುಗನಿಗೆ ಗೊತ್ತು. ಆದರೆ ಅಷ್ಟು ದೊಡ್ಡವರ ಮುಖಕ್ಕೆ ‘ಇಲ್ಲ’ ಎಂದು ಹೇಳುವುದು ಹೇಗೆ? ‘ಯೆಸ್, ವಿ ವಿಲ್ ಟ್ರೈ’ ಎನ್ನುತ್ತಾನೆ. ಅದೇ ಮಾತನ್ನು ಅವನ ಊರಿನವರು ಕೇಳಿದ್ದರೆ ಆಸೆ ಬಿಡುತ್ತಿದ್ದರು. ಜರ್ಮನಿಯವರು ‘ಯೆಸ್’ ಎಂಬ ಮೊದಲ ಪದವನ್ನು ಬರೆದುಕೊಂಡು, ಸೋಮವಾರಕ್ಕೆ ತಮ್ಮ ಮುಂದಿನ ಕೆಲಸ ನಿಗದಿ ಮಾಡಿಕೊಳ್ಳುತ್ತಾರೆ. ಶುಕ್ರವಾರ ಬರುತ್ತದೆ, ಕೆಲಸ ಬರುವುದಿಲ್ಲ. ಅವರ ಕಣ್ಣಿಗೆ ಇವನು ಸುಳ್ಳುಗಾರ. ಇವನ ಕಣ್ಣಿಗೆ ಅವರು ಒರಟರು. ನಿಜ ಹೇಳಬೇಕೆಂದರೆ ಇಬ್ಬರೂ ತಂತಮ್ಮ ತಾಯಿ ಕಲಿಸಿದ ಸಭ್ಯತೆಯಂತೆಯೇ ನಡೆದುಕೊಂಡಿದ್ದಾರೆ.

ಇದು ನಮ್ಮ ಹುಡುಗರಿಗೆ ಮಾತ್ರ ಅಂಟಿದ ಜಾಡ್ಯವೆಂದು ಯಾರೂ ಕೊರಗಬೇಕಾಗಿಲ್ಲ. ದೇಶಗಳನ್ನು ಆಳಿದವರೇ ಈ ಹಳ್ಳಕ್ಕೆ ಬಿದ್ದಿದ್ದಾರೆ. 1968ರ ಚುನಾವಣೆಯಲ್ಲಿ ರಿಚರ್ಡ್ ನಿಕ್ಸನ್ ಅಮೆರಿಕದ ದಕ್ಷಿಣ ಭಾಗದ ಬಟ್ಟೆ ಗಿರಣಿಗಳವರಿಗೆ ಒಂದು ಭರವಸೆ ಕೊಟ್ಟಿದ್ದರು. ಹೊರಗಿನಿಂದ, ಅದರಲ್ಲೂ ಜಪಾನಿನಿಂದ, ಅಗ್ಗವಾಗಿ ಬಂದು ಬೀಳುತ್ತಿದ್ದ ಉಣ್ಣೆ ಮತ್ತು ಕೃತಕ ನೂಲಿನ ಬಟ್ಟೆಗಳಿಗೆ ಕಡಿವಾಣ ಹಾಕುವ ಭರವಸೆ. 1969ರ ನವೆಂಬರ್‌ನಲ್ಲಿ ಜಪಾನಿನ ಪ್ರಧಾನಿ ಐಸಾಕು ಸಾತೊ ವಾಷಿಂಗ್ಟನ್ನಿಗೆ ಬಂದರು. ಅವರಿಗೆ ಬೇಕಾಗಿದ್ದುದು ಓಕಿನಾವಾ. ಎರಡನೆಯ ಮಹಾಯುದ್ಧದ ಕೊನೆಯಿಂದ ಅಮೆರಿಕದ ಹಿಡಿತದಲ್ಲಿದ್ದ ಆ ದ್ವೀಪಗಳನ್ನು 1972ರಲ್ಲಿ ಜಪಾನಿಗೆ ಹಿಂದಿರುಗಿಸುವ ಒಪ್ಪಂದಕ್ಕೆ ಆ ಭೇಟಿಯಲ್ಲಿ ಬರಲಾಯಿತು. ಜೊತೆಗೆ ನಿಕ್ಸನ್ ತಮ್ಮ ಬಟ್ಟೆಯ ವಿಷಯವನ್ನೂ ಎತ್ತಿದರು.

ಆಗ ಸಾತೊ ಹೇಳಿದ್ದು ‘ಜೆನ್‌ಶೊ ಶಿಮಾಸು’ ಎಂಬ ಮಾತು ಎಂದು ಬಹುಕಾಲದಿಂದ ಹೇಳಿಕೊಂಡು ಬರಲಾಗಿದೆ. ‘ಸೂಕ್ತವಾಗಿ ನೋಡಿಕೊಳ್ಳುತ್ತೇನೆ’ ಎಂಬುದು ಅದರ ಅಕ್ಷರಾರ್ಥ. ಜಪಾನಿನ ರಾಜಕಾರಣದಲ್ಲಿ ಈ ಮಾತಿನ ಬೆಲೆ ನಮ್ಮ ಕಚೇರಿಗಳಲ್ಲಿ ‘ನೋಡೋಣ’ ಎಂಬ ಮಾತಿಗಿರುವ ಬೆಲೆಯಷ್ಟೇ. ಅರ್ಜಿ ಹಿಡಿದು ನಿಂತವನಿಗೆ ‘ನೋಡೋಣ’ ಎಂದರೆ ಏನೆಂದು ಕನ್ನಡಿಗರಿಗೆ ವಿವರಿಸಬೇಕಿಲ್ಲ. ನಿಕ್ಸನ್ನರಿಗೆ ಮಾತ್ರ ಅದು ವಚನದಂತೆ ಕೇಳಿಸಿತು. ಸಾತೊ ನಿಜವಾಗಿಯೂ ಇದೇ ಪದ ಬಳಸಿದರೆ, ಅದಕ್ಕಿಂತ ಗಟ್ಟಿಯಾದ ಮಾತನ್ನೇ ಗುಟ್ಟಾಗಿ ಕೊಟ್ಟಿದ್ದರೆ ಎಂಬ ಬಗ್ಗೆ ಇತಿಹಾಸಕಾರರಲ್ಲಿ ವಾದವಿದೆ. ಬಾಗಿಲು ಮುಚ್ಚಿಕೊಂಡು ನಡೆದ ಮಾತುಕತೆಗಳೂ ಇದ್ದವು ಎಂಬುದು ಆಮೇಲೆ ಬೆಳಕಿಗೆ ಬಂದಿದೆ. ಆದ್ದರಿಂದ ಎಲ್ಲ ಪಾಪವನ್ನೂ ಒಬ್ಬ ದುಭಾಷಿಯ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ನಂತರ ನಡೆದದ್ದರಲ್ಲಿ ಅನುಮಾನವಿಲ್ಲ. ಜಪಾನಿನ ಗಿರಣಿಗಳವರು ಬಗ್ಗಲಿಲ್ಲ, ರಫ್ತು ಇಳಿಯಲಿಲ್ಲ, ನಿಕ್ಸನ್ ತಮಗೆ ದ್ರೋಹವಾಯಿತೆಂದು ಸಿಟ್ಟಾದರು. 1971ರ ಆಗಸ್ಟ್ 15ರಂದು ಅವರು ಆಮದಿನ ಮೇಲೆ ಶೇಕಡಾ 10ರ ಹೆಚ್ಚುವರಿ ಸುಂಕ ಹೇರಿದಾಗ ಅತಿ ಹೆಚ್ಚು ಬಿಸಿ ತಟ್ಟಿದ್ದು ಜಪಾನಿಗೆ. ಕೊನೆಗೆ ಅದೇ ವರ್ಷದ ಅಕ್ಟೋಬರ್‌ನಲ್ಲಿ ಜಪಾನ್ ಬಟ್ಟೆಯ ಒಪ್ಪಂದಕ್ಕೆ ತಲೆಬಾಗಿತು. ಜಪಾನಿ ಭಾಷೆಯಲ್ಲಿ ‘ಇತೊ’ ಎಂದರೆ ನೂಲು, ‘ನಾವಾ’ ಎಂದರೆ ಹಗ್ಗ. ಓಕಿನಾವಾ ಎಂಬ ಹೆಸರಿನ ಬಾಲವೂ ಅದೇ ‘ನಾವಾ’. ‘ನೂಲು ಮಾರಿ ಹಗ್ಗ ಕೊಂಡರು’ ಎಂದು ಜಪಾನಿನ ಜನ ತಮ್ಮ ಸರ್ಕಾರವನ್ನು ಆಡಿಕೊಂಡರು.

ಇಂಥ ಎಡವಟ್ಟುಗಳನ್ನು ಶಾಸ್ತ್ರೀಯವಾಗಿ ನೋಡಿದವರಲ್ಲಿ ಎಡ್ವರ್ಡ್ ಹಾಲ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞ ಮೊದಲಿಗರು. ಹೊರದೇಶಗಳಿಗೆ ಹೋಗುವ ಅಮೆರಿಕದ ಅಧಿಕಾರಿಗಳಿಗೆ ಅವರು ಪಾಠ ಹೇಳುತ್ತಿದ್ದರು. ಕೆಲವು ಸಮಾಜಗಳಲ್ಲಿ ಅರ್ಥವೆಲ್ಲ ಮಾತಿನೊಳಗೇ ಇರುತ್ತದೆ, ಇನ್ನು ಕೆಲವು ಸಮಾಜಗಳಲ್ಲಿ ಅರ್ಥದ ಬಹುಪಾಲು ಮಾತಿನ ಸುತ್ತ ಇರುತ್ತದೆ ಎಂಬುದು 1976ರ ಅವರ ಪುಸ್ತಕವೊಂದರ ಸಾರ. ಜರ್ಮನರು, ಸ್ವಿಸ್ ಜನ ಮೊದಲ ಗುಂಪಿನವರು. ಜಪಾನೀಯರು, ಅರಬರು ಎರಡನೆಯವರು. ನಾವೆಲ್ಲಿ ಸೇರುತ್ತೇವೆ ಎಂಬುದನ್ನು ಪಂಕ್ತಿಯ ಹೋಳಿಗೆಯೇ ಹೇಳಿಬಿಡುತ್ತದೆ.

ನೆದರ್ಲೆಂಡ್ಸಿನ ಖೀರ್ತ್ ಹೊಫ್‌ಸ್ಟೆಡ್ ಇನ್ನೊಂದು ಬಗೆಯಲ್ಲಿ ಅಳೆದರು. ಐಬಿಎಂ ಕಂಪೆನಿಗೆ ಹತ್ತಾರು ದೇಶಗಳಲ್ಲಿ ನೌಕರರಿದ್ದರು. 1967ರಿಂದ 1973ರವರೆಗೆ ಅವರಿಂದ ಒಂದು ಲಕ್ಷಕ್ಕೂ ಮಿಕ್ಕಿದ ಪ್ರಶ್ನಾವಳಿಗಳನ್ನು ತುಂಬಿಸಿ, ಮೇಲಿನವನಿಗೂ ಕೆಳಗಿನವನಿಗೂ ಇರುವ ಅಂತರವನ್ನು ಜನ ಎಷ್ಟರಮಟ್ಟಿಗೆ ಸಹಜವೆಂದು ಒಪ್ಪುತ್ತಾರೆ ಎಂಬುದಕ್ಕೆ ಅಂಕ ಕೊಟ್ಟರು. ಭಾರತಕ್ಕೆ 77 ಬಂತು, ಜಪಾನಿಗೆ 54, ಅಮೆರಿಕಕ್ಕೆ 40, ಜರ್ಮನಿಗೆ 35, ಡೆನ್ಮಾರ್ಕಿಗೆ 18. ಒಂದೇ ಕಂಪೆನಿಯ ನೌಕರರನ್ನು ಕೇಳಿ ಇಡೀ ದೇಶದ ಗುಣ ಹೇಳಬಹುದೇ ಎಂಬ ಆಕ್ಷೇಪ ಈ ಲೆಕ್ಕದ ಮೇಲೆ ಇದ್ದೇ ಇದೆ, ಅದು ಸರಿಯಾದದ್ದೇ. ಮಂಡ್ಯದವರೂ ಮಣಿಪುರದವರೂ ಒಂದೇ 77ರೊಳಗೆ ಹಿಡಿಸುವುದು ಕಷ್ಟ. ಪರೀಕ್ಷೆಯ ಅಂಕವೊಂದರಿಂದಲೇ ಹುಡುಗನ ಯೋಗ್ಯತೆಯನ್ನು ಅಳೆಯುವ ನಾವು ಇಂಥ ಅಂಕಪಟ್ಟಿಗಳನ್ನು ಸ್ವಲ್ಪ ಅನುಮಾನದಿಂದ ನೋಡುವುದೇ ಮೇಲು.

ಅಂಕಿಗಳಿಗಿಂತ ಹೆಚ್ಚು ಹೇಳುವುದು ಒಂದು ಕ್ಯಾಂಟೀನಿನ ಕಥೆ. 1981ರಲ್ಲಿ ಮಾರುತಿ ಉದ್ಯೋಗ್ ಸರ್ಕಾರಿ ಕಂಪೆನಿಯಾಗಿ ಹುಟ್ಟಿತು. 1982ರ ಅಕ್ಟೋಬರ್‌ನಲ್ಲಿ ಜಪಾನಿನ ಸುಜುಕಿ ಅದರೊಡನೆ ಕೈಜೋಡಿಸಿತು. 1983ರ ಡಿಸೆಂಬರ್‌ನಲ್ಲಿ ಗುರಗಾಂವದಿಂದ ಮೊದಲ ಕಾರುಗಳು ಹೊರಬಂದವು. ಅಂದಿನ ನಮ್ಮ ಕಾರ್ಖಾನೆಗಳು ಹೇಗಿದ್ದವೆಂದು ಆಗ ದುಡಿದವರಿಗೆ ನೆನಪಿರಬಹುದು. ಅಧಿಕಾರಿಗಳಿಗೊಂದು ಊಟದ ಮನೆ, ಕಾರ್ಮಿಕರಿಗೊಂದು. ಸಾಹೇಬರ ಕೋಣೆಗೆ ಪರದೆ, ಬಾಗಿಲಲ್ಲಿ ಜವಾನ. ಎಂಜಿನಿಯರು ಯಂತ್ರಕ್ಕೆ ಕೈಹಾಕಿದರೆ ಮಾನ ಹೋಯಿತು ಎಂಬ ಭಾವನೆ. ಸುಜುಕಿಯವರು ಇದನ್ನೆಲ್ಲ ತೆಗೆದುಹಾಕಿಸಿದರು. ಆಡಳಿತ ನಿರ್ದೇಶಕರಿಂದ ಹಿಡಿದು ಕಾರ್ಮಿಕನವರೆಗೆ ಒಂದೇ ಸಮವಸ್ತ್ರ, ಒಂದೇ ಕ್ಯಾಂಟೀನು, ತಡಿಕೆಯಿಲ್ಲದ ಕಚೇರಿ, ಪಾಳಿ ಶುರುವಾಗುವ ಮುಂಚೆ ಎಲ್ಲರೂ ಕೂಡಿ ವ್ಯಾಯಾಮ. ಕಂಪೆನಿಯನ್ನು ಮುಂದೆ ಬಹುಕಾಲ ನಡೆಸಿದ ಆರ್.ಸಿ. ಭಾರ್ಗವ ಅವರು ಈ ಬದಲಾವಣೆಗಳ ಬಗ್ಗೆ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ.

ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುವುದಕ್ಕೂ ಕಾರಿನ ಗುಣಮಟ್ಟಕ್ಕೂ ಏನು ಸಂಬಂಧ ಎಂದು ಆಗ ಕೇಳಿದವರು ಇದ್ದಿರಬೇಕು. ಸಂಬಂಧ ಇಷ್ಟೆ: ಬಾಗಿಲು ಸರಿಯಾಗಿ ಕೂರುತ್ತಿಲ್ಲ ಎಂಬುದು ಮೊದಲು ಗೊತ್ತಾಗುವುದು ಅದನ್ನು ಕೂರಿಸುವವನಿಗೆ. ಅವನು ಅದನ್ನು ಹೇಳಬೇಕಾದರೆ, ಕೇಳಿಸಿಕೊಳ್ಳುವವರು ಕೂಗಳತೆಯಲ್ಲಿರಬೇಕು. ಪರದೆ, ಜವಾನ, ಗುಮಾಸ್ತ, ಮೇಸ್ತ್ರಿ, ಇಷ್ಟನ್ನೂ ದಾಟಿಕೊಂಡು ಕೆಟ್ಟ ಸುದ್ದಿ ಮೇಲಕ್ಕೆ ಹೋಗುವಷ್ಟರಲ್ಲಿ ಅದು ಒಳ್ಳೆಯ ಸುದ್ದಿಯಾಗಿ ಬದಲಾಗಿರುತ್ತದೆ.

ಹಾಗೆಂದು ಒಂದೇ ಕ್ಯಾಂಟೀನಿನಲ್ಲಿ ಉಂಡವರೆಲ್ಲ ಸುಖವಾಗಿದ್ದರು ಎಂದು ಕಥೆ ಮುಗಿಸುವಂತಿಲ್ಲ. ಅದೇ ಕಂಪೆನಿಯ ಮಾನೇಸರದ ಕಾರ್ಖಾನೆಯಲ್ಲಿ 2011ರಲ್ಲಿ ಮುಷ್ಕರಗಳಾದವು. ಏಳೆಂಟು ನಿಮಿಷದಲ್ಲಿ ಚಹಾ ಕುಡಿದು ಶೌಚಕ್ಕೂ ಹೋಗಿ ಬರಬೇಕು ಎಂಬುದು ಕಾರ್ಮಿಕರ ದೂರುಗಳಲ್ಲಿ ಒಂದಾಗಿತ್ತು. ಗುತ್ತಿಗೆ ಕಾರ್ಮಿಕರ ಕೂಲಿಯ ಪ್ರಶ್ನೆಯೂ ಇತ್ತು. 2012ರ ಜುಲೈ 18ರ ಹಿಂಸಾಚಾರದಲ್ಲಿ ಹಿರಿಯ ಅಧಿಕಾರಿಯೊಬ್ಬರು ಪ್ರಾಣ ಕಳೆದುಕೊಂಡರು. ಕಾರ್ಖಾನೆ ಒಂದು ತಿಂಗಳು ಮುಚ್ಚಿತು. ಉಡುಪು ಒಂದೇ ಆದಮಾತ್ರಕ್ಕೆ ದೂರು ಕೇಳುವ ಕಿವಿ ತಾನಾಗಿ ತೆರೆಯುವುದಿಲ್ಲ.

ಜಪಾನೀಯರ ಇನ್ನೊಂದು ಪಾಠ ನಮ್ಮ ಬಿಡದಿಗೇ ಬಂದಿದೆ. ಟೊಯೊಟಾ ಕಿರ್ಲೋಸ್ಕರ್ ಕಂಪೆನಿ 1997ರಲ್ಲಿ ಸ್ಥಾಪನೆಯಾಗಿ, 1999ರ ಕೊನೆಗೆ ಅಲ್ಲಿ ವಾಹನ ತಯಾರಿಕೆ ಆರಂಭವಾಯಿತು. ಟೊಯೊಟಾದ ಕೆಲಸದ ಕ್ರಮದಲ್ಲಿ ‘ಆಂಡಾನ್’ ಎಂಬುದೊಂದಿದೆ. ಜೋಡಣೆಯ ಸಾಲಿನುದ್ದಕ್ಕೂ ಒಂದು ಹಗ್ಗವನ್ನೋ ಗುಂಡಿಯನ್ನೋ ಇಟ್ಟಿರುತ್ತಾರೆ. ತನ್ನ ಮುಂದಿನ ಕೆಲಸದಲ್ಲಿ ದೋಷ ಕಂಡ ಯಾವ ಕೆಲಸಗಾರನಾದರೂ, ಅವನು ನಿನ್ನೆ ಸೇರಿದವನಾಗಿದ್ದರೂ, ಅದನ್ನು ಎಳೆಯಬೇಕು. ದೀಪ ಹತ್ತುತ್ತದೆ, ಮೇಲ್ವಿಚಾರಕ ಓಡಿಬರುತ್ತಾನೆ, ಅಷ್ಟರಲ್ಲಿ ದೋಷ ಸರಿಹೋಗದಿದ್ದರೆ ಸಾಲೇ ನಿಲ್ಲುತ್ತದೆ. ಎಳೆದವನಿಗೆ ಬೈಗುಳವಿಲ್ಲ, ಎಳೆಯದೆ ಸುಮ್ಮನಿದ್ದದ್ದೇ ತಪ್ಪು. 2007ರಲ್ಲಿ ಕಂಪೆನಿ ಬಿಡದಿಯಲ್ಲಿ ತಾಂತ್ರಿಕ ತರಬೇತಿ ಶಾಲೆಯೊಂದನ್ನು ತೆರೆದು, ಹತ್ತನೇ ತರಗತಿ ಮುಗಿಸಿದ ಕರ್ನಾಟಕದ ಗ್ರಾಮೀಣ ಬಡ ಕುಟುಂಬಗಳ ಹುಡುಗರಿಗೆ ಮೂರು ವರ್ಷದ ಶಿಕ್ಷಣ ಕೊಡಲು ಆರಂಭಿಸಿತು.

ಮೇಷ್ಟರು ಬೋರ್ಡಿನ ಮೇಲೆ ಲೆಕ್ಕ ತಪ್ಪು ಬರೆದಾಗಲೂ ಸುಮ್ಮನೆ ನಕಲು ಮಾಡಿಕೊಂಡು ಬೆಳೆದ ಹುಡುಗನಿಗೆ ಈ ಹಗ್ಗ ಎಷ್ಟು ಭಾರ ಎಂಬುದನ್ನು ಯೋಚಿಸಬೇಕು. ನೂರಾರು ಜನರ ಕೆಲಸ ತನ್ನಿಂದ ನಿಲ್ಲುತ್ತದೆ, ಎಲ್ಲರ ಕಣ್ಣೂ ತನ್ನ ಮೇಲೆ ಬೀಳುತ್ತದೆ ಎಂಬ ಅಳುಕು. ‘ನನಗ್ಯಾಕೆ ಬೇಕು ಉಸಾಬರಿ, ಮುಂದಿನವನು ನೋಡಿಕೊಳ್ಳುತ್ತಾನೆ’ ಎಂಬುದು ನಮ್ಮಲ್ಲಿ ಹೇಡಿತನವಲ್ಲ, ವಿವೇಕ ಎನಿಸಿಕೊಂಡಿದೆ. ಹಗ್ಗ ತಗುಲಿಹಾಕುವುದು ಒಂದು ದಿನದ ಕೆಲಸ. ಅದನ್ನು ಎಳೆಯುವ ಕೈಯನ್ನು ತಯಾರುಮಾಡುವುದಕ್ಕೆ ಮೂರು ವರ್ಷ ಬೇಕಾದರೆ ಆಶ್ಚರ್ಯವಿಲ್ಲ. ಬಿಡದಿಯಲ್ಲೂ 2006, 2014 ಮತ್ತು 2020ರಲ್ಲಿ ಮುಷ್ಕರ, ಲಾಕೌಟ್‌ಗಳು ನಡೆದವು ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಯಂತ್ರದ ದೋಷ ಕಂಡರೆ ಎಳೆಯಲು ಹಗ್ಗವಿದೆ. ಸಂಬಳದ ದೋಷಕ್ಕೆ ಇನ್ನೂ ಅಂಥ ಹಗ್ಗ ಯಾರೂ ಕಂಡುಹಿಡಿದಿಲ್ಲ.

ಈಗ ಒಂದು ಪ್ರಶ್ನೆ. ಭಾರತೀಯರು ಸಂಕೋಚದವರು, ಅಮೆರಿಕದವರು ನೇರ ಮಾತಿನವರು, ಅದಕ್ಕೇ ಇದೆಲ್ಲ ಎಂದುಬಿಡೋಣವೆ? ಇದಕ್ಕೆ ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಎಂಬ ಊರು ಅಡ್ಡ ಬರುತ್ತದೆ. ಅಲ್ಲಿ ಜನರಲ್ ಮೋಟಾರ್ಸ್ ಕಂಪೆನಿಯ ಕಾರ್ಖಾನೆಯೊಂದಿತ್ತು. ಗುಣಮಟ್ಟದಲ್ಲೂ ಹಾಜರಿಯಲ್ಲೂ ಅದಕ್ಕೆ ಬಹಳ ಕೆಟ್ಟ ಹೆಸರು. ಏನೇ ಆದರೂ ಸಾಲು ನಿಲ್ಲಬಾರದು ಎಂಬುದೇ ಅಲ್ಲಿನ ಕಾನೂನು. ದೋಷವಿದ್ದ ಕಾರು ದೋಷದೊಡನೆಯೇ ಮುಂದಕ್ಕೆ ಹೋಗುತ್ತಿತ್ತು, ಕಂಡವರು ಕಾಣದಂತೆ ಇರುತ್ತಿದ್ದರು. 1982ರಲ್ಲಿ ಅದು ಮುಚ್ಚಿತು. 1984ರಲ್ಲಿ ಟೊಯೊಟಾ ಮತ್ತು ಜನರಲ್ ಮೋಟಾರ್ಸ್ ಕೂಡಿ ಅದನ್ನು ಮತ್ತೆ ತೆರೆದಾಗ ಹಳೆಯ ಕಾರ್ಮಿಕರಲ್ಲೇ ಬಹುಮಂದಿಯನ್ನು ಕರೆದುಕೊಂಡರು. ಜನ ಅವರೇ, ದೇಶ ಅದೇ, ಕಾರ್ಮಿಕ ಸಂಘ ಅದೇ. ಆದರೆ ಈಗ ಕೈಗೆ ಹಗ್ಗ ಬಂದಿತ್ತು, ಎಳೆದವರಿಗೆ ಶಿಕ್ಷೆಯಿರಲಿಲ್ಲ. ಸ್ವಲ್ಪ ಕಾಲದಲ್ಲೇ ಅಲ್ಲಿನ ಕಾರುಗಳು ಅಮೆರಿಕದಲ್ಲಿ ತಯಾರಾದ ಉತ್ತಮ ಕಾರುಗಳ ಸಾಲಿಗೆ ಸೇರಿದವು.

ಅಂದರೆ ‘ಇಲ್ಲ’ ಎನ್ನುವುದು ರಕ್ತದಲ್ಲಿ ಬಂದ ಗುಣವಲ್ಲ. ‘ಇಲ್ಲ’ ಎಂದವನಿಗೆ ಮೊನ್ನೆ ಏನಾಯಿತು ಎಂಬುದನ್ನು ನೋಡಿ ಮಿಕ್ಕವರು ಕಲಿಯುವ ಪಾಠ ಅದು. ಸಂಸ್ಕೃತಿ ಎಂಬ ದೊಡ್ಡ ಪದವನ್ನು ಬಿಡಿಸಿ ನೋಡಿದರೆ, ವ್ಯಾಪಾರದ ಮಟ್ಟಿಗಾದರೂ, ಒಳಗೆ ಸಿಗುವುದು ಬಹಳಷ್ಟು ಸಲ ಇಷ್ಟೇ.

ಕಲಿಯಬೇಕಾದವರು ನಾವು ಮಾತ್ರ, ಪಾಶ್ಚಾತ್ಯರು ಎಲ್ಲವನ್ನೂ ಬಲ್ಲವರು ಎಂಬ ಭ್ರಮೆಯಿದ್ದರೆ ಅದಕ್ಕೆ ವಾಲ್‌ಮಾರ್ಟ್ ಒಳ್ಳೆಯ ಮದ್ದು. ಜಗತ್ತಿನ ಅತಿದೊಡ್ಡ ಚಿಲ್ಲರೆ ವ್ಯಾಪಾರದ ಈ ಅಮೆರಿಕನ್ ಕಂಪೆನಿ 1997ರ ಕೊನೆಗೆ ಜರ್ಮನಿಯಲ್ಲಿ 21 ಮಳಿಗೆಗಳನ್ನೂ, ಮರುವರ್ಷ ಇನ್ನೂ 74 ಮಳಿಗೆಗಳನ್ನೂ ಕೊಂಡಿತು. ಹಣಕ್ಕೆ ಕೊರತೆಯಿರಲಿಲ್ಲ. ಆದರೆ ಅಮೆರಿಕದಿಂದ ಬಂದ ಮೊದಲ ಮುಖ್ಯಸ್ಥರಿಗೆ ಜರ್ಮನ್ ಭಾಷೆ ಬರುತ್ತಿರಲಿಲ್ಲ, ಆಡಳಿತವೆಲ್ಲ ಇಂಗ್ಲಿಷಿನಲ್ಲಿ. ಗಿರಾಕಿಗಳನ್ನು ಕಂಡು ನಗಬೇಕು ಎಂದು ನೌಕರರಿಗೆ ಹೇಳಿಕೊಟ್ಟರು. ಗುರುತಿಲ್ಲದವರನ್ನು ನೋಡಿ ನಗುವುದು ಜರ್ಮನರಲ್ಲಿ ವಾಡಿಕೆಯಲ್ಲ. ಕೆಲವು ಗಂಡಸರು ಆ ನಗೆಗೆ ಬೇರೆಯೇ ಅರ್ಥ ಹಚ್ಚಿಕೊಂಡರಂತೆ! ಕೊಂಡ ಸಾಮಾನನ್ನು ಬೇರೆಯವರು ಮುಟ್ಟಿ ಚೀಲಕ್ಕೆ ತುಂಬಿಕೊಡುವುದೂ ಅವರಿಗೆ ಹಿಡಿಸಲಿಲ್ಲ. ಬೆಳಿಗ್ಗೆ ನೌಕರರೆಲ್ಲ ನಿಂತು ಕಂಪೆನಿಗೆ ಜೈಕಾರ ಹಾಕುವ ಅಮೆರಿಕದ ಪದ್ಧತಿ ನಗೆಪಾಟಲಾಯಿತು. ಸಹೋದ್ಯೋಗಿಗಳ ನಡುವಿನ ಪ್ರೇಮವನ್ನು ನಿರ್ಬಂಧಿಸುವ ಮತ್ತು ಒಬ್ಬರ ತಪ್ಪನ್ನು ಇನ್ನೊಬ್ಬರು ವರದಿ ಮಾಡಬೇಕೆನ್ನುವ ನೀತಿಸಂಹಿತೆ 2005ರಲ್ಲಿ ವುಪ್ಪರ್‌ಟಾಲಿನ ಕಾರ್ಮಿಕ ನ್ಯಾಯಾಲಯದ ಕಟ್ಟೆ ಹತ್ತಿ ಪೆಟ್ಟು ತಿಂದಿತು. ನೆರೆಯವರ ಮೇಲೆ ಚಾಡಿ ಹೇಳಿಸಿದ ಆಳ್ವಿಕೆಗಳನ್ನು ಒಂದೇ ಶತಮಾನದಲ್ಲಿ ಎರಡೆರಡು ಬಾರಿ ಕಂಡ ದೇಶ ಅದು. ಅಲ್ಲಿನವರಿಗೆ ಇಂಥ ನಿಯಮ ಹೇಗೆ ಕೇಳಿಸೀತು ಎಂಬುದನ್ನು ಕಂಪೆನಿಯ ಮೇಲಿನವರು ಯೋಚಿಸಿದಂತೆ ಕಾಣುವುದಿಲ್ಲ.

2006ರಲ್ಲಿ ವಾಲ್‌ಮಾರ್ಟ್ ತನ್ನ 85 ಜರ್ಮನ್ ಮಳಿಗೆಗಳನ್ನು ಅಲ್ಲಿನ ಮೆಟ್ರೋ ಕಂಪೆನಿಗೆ ಮಾರಿ ಹೊರಟುಹೋಯಿತು. ನಷ್ಟ ಸುಮಾರು ನೂರು ಕೋಟಿ ಡಾಲರ್. ನಗೆಯೊಂದರಿಂದಲೇ ಇಷ್ಟು ಹಣ ಮುಳುಗಲಿಲ್ಲ. ಆಲ್ಡಿ, ಲಿಡ್ಲ್‌ನಂಥ ಅಗ್ಗದ ಅಂಗಡಿಗಳು ಅಲ್ಲಿ ಬೇರುಬಿಟ್ಟಿದ್ದವು. ಕೊಂಡ ಬೆಲೆಗಿಂತ ಕಡಿಮೆಗೆ ಮಾರಬಾರದೆಂಬ ಕಾನೂನಿತ್ತು. ಆದರೂ ಮಳಿಗೆಯಲ್ಲಿ ದಿನವಿಡೀ ನಿಲ್ಲುತ್ತಿದ್ದ ಜರ್ಮನ್ ನೌಕರರಿಗೆ ಗಿರಾಕಿಗಳ ಮುಖಭಾವ ಗೊತ್ತಿರಲೇಬೇಕಲ್ಲ. ಅವರು ಹೇಳಿದ್ದನ್ನು ಮೇಲಕ್ಕೆ ಮುಟ್ಟಿಸುವ ದಾರಿ ಸರಿಯಿದ್ದಿದ್ದರೆ, ಎಷ್ಟೋ ಎಡವಟ್ಟುಗಳು ಮೊದಲ ವರ್ಷದಲ್ಲೇ ನಿಲ್ಲಬಹುದಾಗಿತ್ತು.

ಇನ್ನು ಬೆಂಗಳೂರಿನ ನಮ್ಮ ಹುಡುಗನ ವಿಷಯ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂದು ಉಪಗ್ರಹದ ಮೂಲಕ ಅಮೆರಿಕದೊಡನೆ ಸಂಪರ್ಕ ಸಾಧಿಸಿತು. ಅದರ ಉಪಕರಣಗಳನ್ನು ಎತ್ತಿನ ಗಾಡಿಯಲ್ಲಿ ಸಾಗಿಸಿದ ಕಥೆಯನ್ನು ಇಂದಿಗೂ ಹೇಳುತ್ತಾರೆ. ಅಂದಿನಿಂದ ಇಂದಿನವರೆಗೆ ಲಕ್ಷಾಂತರ ಯುವಕ ಯುವತಿಯರು ಕಾಣದ ಊರಿನ ಜನರೊಡನೆ ದಿನವೂ ಮಾತಾಡಿ ಸಂಬಳ ತಂದಿದ್ದಾರೆ. ಅವರಿಗಾಗಿ ಕಂಪೆನಿಗಳು ತರಬೇತಿ ನಡೆಸುತ್ತವೆ. ಫೋರ್ಕು ಯಾವ ಕೈಯಲ್ಲಿ, ಚಾಕು ಯಾವ ಕೈಯಲ್ಲಿ, ಜಪಾನಿನವರು ಕೊಟ್ಟ ವಿಸಿಟಿಂಗ್ ಕಾರ್ಡನ್ನು ಎರಡೂ ಕೈಯಲ್ಲಿ ತೆಗೆದುಕೊಳ್ಳಬೇಕು, ಇತ್ಯಾದಿ. ಇವೆಲ್ಲ ಅರ್ಧ ದಿನದಲ್ಲಿ ಕಲಿಯುವ ಸಂಗತಿಗಳು. ಮರೆತರೂ ದೊಡ್ಡ ಹಾನಿಯಿಲ್ಲ, ಜನ ನಕ್ಕು ಸುಮ್ಮನಾಗುತ್ತಾರೆ. ಕಷ್ಟವಾದದ್ದು ಬೇರೆ. ‘ನನಗೆ ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳಿ’, ‘ನನ್ನಿಂದ ತಪ್ಪಾಗಿದೆ’, ‘ಶುಕ್ರವಾರಕ್ಕೆ ಆಗುವುದಿಲ್ಲ, ಮಂಗಳವಾರ ಕೊಡುತ್ತೇನೆ’ ಎಂಬ ಮೂರು ವಾಕ್ಯಗಳು ಗಂಟಲಿನಿಂದ ಹೊರಬರುವುದು. ಇವಕ್ಕೆ ಇಂಗ್ಲಿಷ್ ಬೇಕಾದದ್ದು ಸ್ವಲ್ಪವೇ. ನಿರರ್ಗಳವಾಗಿ ಇಂಗ್ಲಿಷ್ ಮಾತಾಡುವ ಕಾನ್ವೆಂಟಿನ ಮಕ್ಕಳೂ ಇಲ್ಲಿ ತಡವರಿಸುತ್ತಾರೆ.

ಜಪಾನಿನ ಕಚೇರಿಗಳಲ್ಲಿ ಹೊಸಬರಿಗೆ ‘ಹೊರೆನ್‌ಸೊ’ ಎಂಬ ಮಾತು ಕಲಿಸುತ್ತಾರೆ. ಹಾಗೆಂದರೆ ಪಾಲಕ್ ಸೊಪ್ಪು. ವರದಿ ಮಾಡು, ತಿಳಿಸು, ಸಲಹೆ ಕೇಳು ಎಂಬ ಮೂರು ಜಪಾನಿ ಪದಗಳ ಮೊದಲ ಅಕ್ಷರಗಳನ್ನು ಕೂಡಿಸಿದರೆ ಸೊಪ್ಪಿನ ಹೆಸರಾಗುತ್ತದೆ. ಹಿರಿಯರ ಮುಂದೆ ಸೊಂಟ ಬಗ್ಗಿಸುವ, ನೇರವಾಗಿ ‘ಇಲ್ಲ’ ಎನ್ನಲು ಹಿಂಜರಿಯುವ ಅದೇ ಜಪಾನೀಯರು ಕೆಲಸದ ವಿಷಯದಲ್ಲಿ ಮಾತ್ರ ಕೆಟ್ಟ ಸುದ್ದಿಯನ್ನು ತಡಮಾಡದೆ ಮುಟ್ಟಿಸುವ ವ್ಯವಸ್ಥೆ ಮಾಡಿಕೊಂಡಿದ್ದಾರೆ. ನಯವನ್ನು ಬಿಟ್ಟರೆ ಮಾತ್ರ ನಿಜ ಹೇಳಲು ಸಾಧ್ಯ ಎಂದು ಹೆದರುವ ತಂದೆ ತಾಯಂದಿರು ಈ ಸೊಪ್ಪಿನ ಹೆಸರನ್ನು ನೆನಪಿಟ್ಟುಕೊಳ್ಳಬಹುದು. ‘ತಮ್ಮ ಮಾತು ನಿಜ, ಆದರೆ ಈ ವಾರ ಸಾಧ್ಯವಿಲ್ಲ’ ಎಂದು ಹೇಳಲು ಬರುವಷ್ಟು ನಯ ಕನ್ನಡದಲ್ಲೂ ಬೇಕಾದಷ್ಟಿದೆ.

ಈ ಅಭ್ಯಾಸ ಶುರುವಾಗುವುದು ಕಂಪೆನಿಯಲ್ಲಲ್ಲ. ತರಗತಿಯ ಕೊನೆಗೆ ಮೇಷ್ಟರು ‘ಅರ್ಥ ಆಯ್ತೇನ್ರೋ?’ ಎಂದು ಕೇಳುತ್ತಾರೆ. ಅರವತ್ತು ಮಕ್ಕಳು ಒಂದೇ ದನಿಯಲ್ಲಿ ‘ಆಯ್ತು ಸಾರ್’ ಎನ್ನುತ್ತಾರೆ. ಒಬ್ಬಿಬ್ಬರು ಕೈ ಎತ್ತಿದ್ದರು ಎಂದುಕೊಳ್ಳೋಣ. ‘ಇಷ್ಟು ಹೊತ್ತು ಎಲ್ಲಿತ್ತು ಜ್ಞಾನ?’ ಎಂಬ ಉತ್ತರ ಬಂದರೆ ಮರುದಿನದಿಂದ ಆ ಕೈಗಳೂ ಏಳುವುದಿಲ್ಲ. ಮನೆಯಲ್ಲೂ ಹಾಗೆಯೇ. ಗಣಿತದಲ್ಲಿ ಕಡಿಮೆ ಅಂಕ ಬಂದದ್ದನ್ನು ತಾನಾಗಿ ಬಂದು ಹೇಳಿದ ಮಗುವಿಗೂ, ಅಂಕಪಟ್ಟಿ ಬಚ್ಚಿಟ್ಟು ಸಿಕ್ಕಿಬಿದ್ದ ಮಗುವಿಗೂ ಒಂದೇ ಏಟು ಬಿದ್ದರೆ, ಎರಡನೆಯ ದಾರಿಯಲ್ಲಿ ಕೊನೆಯಪಕ್ಷ ಒಂದು ವಾರವಾದರೂ ನೆಮ್ಮದಿಯಿದೆ ಎಂದು ಮಗು ಲೆಕ್ಕ ಹಾಕುತ್ತದೆ. ಮಕ್ಕಳು ಈ ಲೆಕ್ಕದಲ್ಲಿ ತಪ್ಪುವುದಿಲ್ಲ. ಹದಿನೈದು ವರ್ಷಗಳ ನಂತರ ಆ ಅಂಕಪಟ್ಟಿಯ ಜಾಗದಲ್ಲಿ ಜರ್ಮನಿಗೆ ಕಳಿಸಬೇಕಾದ ಪ್ರೋಗ್ರಾಮ್ ಇರುತ್ತದೆ, ಅಷ್ಟೆ.

ಇವತ್ತು ಬೆಂಗಳೂರು, ಮೈಸೂರುಗಳ ಎಷ್ಟೋ ಮನೆಗಳಲ್ಲಿ ರಾತ್ರಿ ಹತ್ತು ಗಂಟೆಗೆ ಕೋಣೆಯ ಬಾಗಿಲು ಮುಚ್ಚಿಕೊಳ್ಳುತ್ತದೆ. ಒಳಗೆ ಮಗನೋ ಮಗಳೋ ವಿದೇಶದವರೊಡನೆ ಮಾತಾಡುತ್ತಿರುತ್ತಾರೆ. ಊರಿನಿಂದ ಬಂದ ತಂದೆ ಹೊರಗೆ ಟೀವಿಯ ಸದ್ದು ತಗ್ಗಿಸಿ ಕೂತಿರುತ್ತಾರೆ. ಒಳಗಿನಿಂದ ಸ್ಪಷ್ಟವಾಗಿ ‘ನೋ’ ಎಂಬ ಮಾತು ಕೇಳಿಸುತ್ತದೆ, ಸ್ವಲ್ಪ ಹೊತ್ತಿಗೆ ಇನ್ನೊಂದು ‘ನೋ’. ಮಾತು ಮುಗಿಸಿ ನೀರು ಕುಡಿಯಲು ಬಂದ ಮಗಳನ್ನು ತಂದೆ ಕೇಳುತ್ತಾರೆ:

‘ಯಾರ ಹತ್ತಿರ ಹಾಗೆ ಮಾತಾಡ್ತಿದ್ದೆ?’

‘ನಮ್ಮ ಬಾಸ್‌ನ ಬಾಸ್ ಹತ್ತಿರ.’

‘ಏನಂದರು?’

‘ಮೊದಲೇ ಹೇಳಿದ್ದು ಒಳ್ಳೇದಾಯ್ತು ಅಂದರು. ಮಂಗಳವಾರದವರೆಗೆ ಟೈಮ್ ಕೊಟ್ಟರು.’

ತಂದೆ ಪೂರ್ತಿ ನಂಬಿದಂತೆ ಕಾಣುವುದಿಲ್ಲ. ಆದರೂ ಟೀವಿಯ ಸದ್ದನ್ನು ಮತ್ತೆ ಏರಿಸುತ್ತಾರೆ.